ಕಪಾಟಿನಲ್ಲಿ ಸಿಕ್ಕ ಹಳೆ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕೋದು ಹೇಗೆ?

ಹಳೆ ಲೆನ್ಸ್ ಕೈಗೆ ಬಂದ ಕೂಡಲೇ ಕ್ಯಾಮೆರಾಕ್ಕೆ ಹಾಕಿ ನೋಡುವ ಆಸೆ ಆಗುತ್ತದೆ. ಸ್ವಲ್ಪ ತಡೆಯಿರಿ. ಮೊದಲು ಒಂದು ಟಾರ್ಚ್ ತನ್ನಿ.

ಶಿರಸಿಯ ಹತ್ತಿರ ಸೋದರಮಾವನ ಮನೆ. ಅಲ್ಲಿ ಮೆತ್ತಿಯ ಮೇಲಿನ ಕಪಾಟಿನಲ್ಲಿ ನನಗೆ ಮೂರು ಲೆನ್ಸ್ ಸಿಕ್ಕಿದವು. ಮಾವ ಒಂದು ಕಾಲದಲ್ಲಿ ಸುತ್ತಮುತ್ತಲಿನ ಮದುವೆ, ಉಪನಯನಗಳ ಫೋಟೋ ತೆಗೆಯುತ್ತಿದ್ದವರು. ರೀಲಿನ ಕಾಲ ಮುಗಿದ ಮೇಲೆ ಕ್ಯಾಮೆರಾ ಕಪಾಟಿಗೆ ಹೋಯಿತು, ಅವರು ತೋಟಕ್ಕೆ ಹೋದರು. ರಷ್ಯಾದ ಜೆನಿತ್ ಕ್ಯಾಮೆರಾದ ಜೊತೆ ಬಂದಿದ್ದ ಹೆಲಿಯೋಸ್ 44-2, ನಿಕಾನ್‌ನ ಒಂದು 50 ಎಂಎಂ, ಮತ್ತೆ ಒಂದು 135 ಎಂಎಂ. "ಇದ್ರಲ್ಲಿ ಈಗ್ಲೂವ ಫೋಟೋ ಬತ್ತನಾ ತಮಾ?" ಅಂತ ಮಾವ ಕೇಳಿದರು. ಬರುತ್ತದೆ ಅಂತ ಧೈರ್ಯವಾಗಿ ಹೇಳಿದೆ. ಎರಡರಲ್ಲಿ ಬಂತು. 135 ಎಂಎಂ ಒಳಗೆ ಬೂಷ್ಟು ಕಟ್ಟಿತ್ತು, ಜೇಡನ ಬಲೆಯ ಹಾಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆ ಲೆನ್ಸಿನ ಕಥೆ ಅಂದರೆ ಮುಕ್ಕಾಲು ಪಾಲು ಮಳೆಯ ಕಥೆಯೇ. ಕ್ಯಾಮೆರಾಕ್ಕೆ ಹಾಕುವ ವಿದ್ಯೆ ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಅದನ್ನು ಹತ್ತು ಮಳೆಗಾಲ ಉಳಿಸಿಕೊಳ್ಳೋದು ಬೇರೆ ಕೆಲಸ. ಎರಡನ್ನೂ ಹೇಳುತ್ತೇನೆ.

ಟಾರ್ಚ್ ಪರೀಕ್ಷೆ

ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಬೆಳಕಿನ ಕಿಂಡಿಯನ್ನು ದೊಡ್ಡದು ಚಿಕ್ಕದು ಮಾಡುವ ಅಪರ್ಚರ್ ರಿಂಗನ್ನು ಅತಿ ಸಣ್ಣ ಅಂಕಿಗೆ ತಿರುಗಿಸಿ, ಅಂದರೆ 1.8 ಅಥವಾ 2ಕ್ಕೆ. ಆಗ ಒಳಗಿನ ರೆಕ್ಕೆಗಳು ಪೂರ್ತಿ ತೆರೆದುಕೊಳ್ಳುತ್ತವೆ. ಕತ್ತಲ ಕೋಣೆಯಲ್ಲಿ ಕೂತು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ನೇರ ಕಣ್ಣಿಗೆ ಹೊಡೆಯದ ಹಾಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಆಮೇಲೆ ಲೆನ್ಸ್ ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿ.

ಸಣ್ಣ ಧೂಳಿನ ಚುಕ್ಕೆಗಳು ಕಂಡೇ ಕಾಣುತ್ತವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಮುಂದಿನ ಗಾಜಿನ ಮೇಲೆ ಒಂದೆರಡು ಗೀರು ಇದ್ದರೂ ನಡೆಯುತ್ತದೆ. ಹಿಂದಿನ ಗಾಜಿನ ಗೀರು ಮಾತ್ರ ತೊಂದರೆ ಕೊಡುತ್ತದೆ.

ಎಳೆ ಎಳೆಯಾಗಿ, ಬೇರು ಬಿಟ್ಟ ಹಾಗೆ ಕಂಡರೆ ಅದು ಫಂಗಸ್. ಅಂಚಿನಲ್ಲಿ ಚೂರೇ ಚೂರು ಇದ್ದರೆ ಸ್ವಚ್ಛ ಮಾಡಿಸಬಹುದು. ನಡುವಿನವರೆಗೆ ಹಬ್ಬಿದ್ದರೆ ಬಿಟ್ಟುಬಿಡಿ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ. ಬೂಷ್ಟು ಒರೆಸಿದರೂ ಅದು ತಿಂದ ಗುರುತು ಉಳಿಯುತ್ತದೆ. ಎಳೆ ಇಲ್ಲದೆ ಇಡೀ ಗಾಜು ಮಂಜು ಮುಸುಕಿದ ಹಾಗೆ ಕಂಡರೆ ಒಳಗೆ ಹಳೆ ಎಣ್ಣೆಯ ಆವಿ ಕೂತಿರಬಹುದು. ಇದು ಹೆಚ್ಚಿನ ಸಲ ಒರೆಸಿದರೆ ಹೋಗುತ್ತದೆ, ಆದರೆ ಲೆನ್ಸ್ ಬಿಚ್ಚಬೇಕು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಕಂಡರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ ಅಂತ ಅರ್ಥ. ಅದನ್ನು ಸರಿ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಲೆನ್ಸೇ ಬರುತ್ತದೆ.

ಇನ್ನು ರೆಕ್ಕೆಗಳು. ಅಪರ್ಚರ್ ರಿಂಗ್ ತಿರುಗಿಸುತ್ತಾ ಅವು ಸಮನಾಗಿ ಮುಚ್ಚಿ ತೆರೆಯುತ್ತವೆಯಾ ನೋಡಿ. ರೆಕ್ಕೆಯ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಮಾರುವವನ ಹತ್ತಿರ ಬೆಲೆ ಇಳಿಸಲು ಅದೊಂದು ಒಳ್ಳೆ ನೆಪ. ಆದರೆ ನಿಜ ಹೇಳಬೇಕೆಂದರೆ ಅದು ಎಲ್ಲ ಲೆನ್ಸಿಗೂ ದೋಷವಲ್ಲ. ಹಳೆ ಕ್ಯಾಮೆರಾದಲ್ಲಿ ಕ್ಲಿಕ್ ಮಾಡಿದ ಕ್ಷಣಕ್ಕೆ ರೆಕ್ಕೆ ಫಟ್ಟನೆ ಮುಚ್ಚಬೇಕಿತ್ತು, ಎಣ್ಣೆ ಇದ್ದರೆ ತಡವಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾಕ್ಕೆ ಹಳೆ ಲೆನ್ಸ್ ಜೋಡಿಸುವ ಅಡಾಪ್ಟರ್ ಮೇಲೆ ಹಾಕಿದಾಗ ರೆಕ್ಕೆಯನ್ನು ನೀವೇ ಮೊದಲೇ ಕೈಯಿಂದ ಮುಚ್ಚಿರುತ್ತೀರಿ. ಹೆಲಿಯೋಸ್ 44-2ರಲ್ಲಂತೂ ಆ ಫಟ್ಟನೆ ಮುಚ್ಚುವ ಏರ್ಪಾಡೇ ಇಲ್ಲ. ಮಾವನ ಹೆಲಿಯೋಸಿನ ರೆಕ್ಕೆಗಳು ಎಣ್ಣೆಯಲ್ಲಿ ಅದ್ದಿದಂತಿವೆ. ಇಷ್ಟು ವರ್ಷದಲ್ಲಿ ಒಂದು ಫೋಟೋವೂ ಅದರಿಂದ ಹಾಳಾಗಿಲ್ಲ.

ಕೊನೆಗೆ ಫೋಕಸ್ ರಿಂಗ್. ಹಳೆ ಗ್ರೀಸ್ ಗಟ್ಟಿಯಾಗಿ ರಿಂಗ್ ಬಿಗಿಯಾಗಿರುತ್ತದೆ. ಬಿಗಿ ಇದ್ದರೂ ಸಮನಾಗಿ ತಿರುಗಿದರೆ ಸಾಕು. ಮರಳು ಕರಕರ ಅಂದರೆ ಮುಟ್ಟಬೇಡಿ, ಅದು ಕಡಲತೀರ ಕಂಡ ಲೆನ್ಸ್.

ಮೌಂಟ್ ಯಾವುದು?

ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ. ನನ್ನದು ಹೋಗಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿ. ಲೆನ್ಸಿನ ಹಿಂಭಾಗ ನೋಡಿ. ಬಾಟಲಿಯ ಬಾಯಿಯ ಹಾಗೆ ಸುತ್ತಲೂ ತಿರುಪಿನ ಎಳೆ ಇದ್ದರೆ ಬಹುತೇಕ ಅದು ಎಂ42. 42 ಎಂಎಂ ಅಗಲದ ತಿರುಪು. ಜೆನಿತ್, ಹಳೆ ಪೆಂಟಾಕ್ಸ್, ಪ್ರಾಕ್ಟಿಕಾ ಎಲ್ಲ ಇದೇ. ತಿರುಪು ಇಲ್ಲದೆ ಮೂರು ಕಿವಿಗಳಿದ್ದು, ಸಿಕ್ಕಿಸಿ ತಿರುಗಿಸುವ ಹಾಗಿದ್ದರೆ ಅದು ನಿಕಾನ್ ಎಫ್, ಪೆಂಟಾಕ್ಸ್ ಕೆ, ಯಾಶಿಕಾ, ಮಿನೋಲ್ಟಾ ಇಂಥ ಯಾವುದಾದರೂ ಆಗಿರುತ್ತದೆ. ಲೆನ್ಸಿನ ಮುಂದಿನ ಉಂಗುರದ ಮೇಲೆ ಬರೆದ ಹೆಸರು ಸುಳಿವು ಕೊಡುತ್ತದೆ. ಆದರೆ ಬೇರೆ ಕಂಪನಿಯವರು ಎಲ್ಲ ಮೌಂಟಿಗೂ ಲೆನ್ಸ್ ಮಾಡಿದ್ದಾರೆ. ಹೆಸರನ್ನಷ್ಟೇ ನಂಬಬೇಡಿ, ಹಿಂಭಾಗದ ಫೋಟೋ ತೆಗೆದು ಹೋಲಿಸಿ ನೋಡಿ.

ಪ್ರತಿ ಮೌಂಟಿಗೂ ಒಂದು ದೂರ ಗೊತ್ತು ಮಾಡಿರುತ್ತದೆ. ಲೆನ್ಸ್ ಕೂರುವ ಜಾಗದಿಂದ ಫಿಲ್ಮಿನವರೆಗೆ, ಈಗ ಸೆನ್ಸರಿನವರೆಗೆ ಇರುವ ದೂರ. ನಿಕಾನ್ ಎಫ್‌ಗೆ 46.5 ಎಂಎಂ. ಎಂ42 ಮತ್ತು ಪೆಂಟಾಕ್ಸ್ ಕೆ ಎರಡಕ್ಕೂ 45.46. ಕ್ಯಾನನ್ ಇಎಫ್‌ಗೆ 44. ಮಿನೋಲ್ಟಾಕ್ಕೆ 43.5. ಕ್ಯಾನನ್‌ನ ಹಳೆ ಎಫ್‌ಡಿಗೆ 42. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲದ ಕಾರಣ ಈ ದೂರ ತೀರಾ ಕಡಿಮೆ: ಸೋನಿ ಇ 18, ಫ್ಯೂಜಿ ಎಕ್ಸ್ 17.7, ಕ್ಯಾನನ್ ಆರ್‌ಎಫ್ 20, ನಿಕಾನ್ ಝಡ್ 16.

ಲೆನ್ಸಿನ ದೂರ ಹೆಚ್ಚು, ಕ್ಯಾಮೆರಾದ್ದು ಕಡಿಮೆ ಇದ್ದರೆ ನಡುವಿನ ಜಾಗಕ್ಕೆ ಒಂದು ಲೋಹದ ಬಳೆ ಹಾಕಿ ತುಂಬಬಹುದು. ಅದೇ ಅಡಾಪ್ಟರ್. ಉಲ್ಟಾ ಇದ್ದರೆ? ಇರುವ ಜಾಗವನ್ನು ಕಡಿಯೋದು ಹೇಗೆ? ಎಂ42 ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ, ಅಂದರೆ ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಕ್ಕೆ, ಹಾಕಿದರೆ ಲೆನ್ಸ್ 1 ಎಂಎಂನಷ್ಟು ಮುಂದೆ ಕೂರುತ್ತದೆ. ಹತ್ತಿರದ ಹೂವು ಚೆನ್ನಾಗಿ ಬರುತ್ತದೆ, ದೂರದ ಗುಡ್ಡಕ್ಕೆ ಫೋಕಸ್ ಆಗುವುದೇ ಇಲ್ಲ.

ಇದಕ್ಕೆ ಪರಿಹಾರ ಅಂತ ಒಳಗೆ ಸಣ್ಣ ಗಾಜು ಇಟ್ಟ ಅಡಾಪ್ಟರ್ ಮಾರುತ್ತಾರೆ. ನಾನು ಮೊದಲು ಕೊಂಡಿದ್ದು ಅದನ್ನೇ. ಹೆಲಿಯೋಸಿಗೆ ಪೊರೆ ಬಂದ ಹಾಗೆ ಎಲ್ಲ ಫೋಟೋ ಮಸುಕು. ಲೆನ್ಸೇ ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ಅದನ್ನು ಡಬ್ಬಿಯೊಳಗೆ ಹಾಕಿಟ್ಟಿದ್ದೆ. ಅಗ್ಗದ ಗಾಜಿರುವ ಅಡಾಪ್ಟರ್ ಕೊಳ್ಳಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಯಾವ ಕ್ಯಾಮೆರಾಕ್ಕೆ ಏನು?

ಮಿರರ್‌ಲೆಸ್ ಇದ್ದರೆ ಯೋಚನೆಯೇ ಬೇಡ, ಈ ಎಲ್ಲ ಹಳೆ ಲೆನ್ಸೂ ಕೂರುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ ಎಂ42, ನಿಕಾನ್, ಪೆಂಟಾಕ್ಸ್ ಕೆ ಲೆನ್ಸ್‌ಗಳು ತೆಳು ಬಳೆಯ ಮೇಲೆ ನಡೆಯುತ್ತವೆ. ತಮಾಷೆ ಏನೆಂದರೆ ಕ್ಯಾನನ್‌ನದೇ ಹಳೆ ಎಫ್‌ಡಿ ಲೆನ್ಸ್ ಅದಕ್ಕೆ ಆಗುವುದಿಲ್ಲ. ನಿಕಾನ್ ಡಿಎಸ್‌ಎಲ್‌ಆರ್ ಇದ್ದರೆ ಸುಮ್ನೆ ನಿಕಾನ್‌ನದೇ ಹಳೆ ಲೆನ್ಸ್ ಹುಡುಕಿ. ಅಡಾಪ್ಟರೇ ಬೇಡ.

ಆದರೆ ನಿಕಾನ್‌ನವರು ಒಂದು ವಿಷಯ ನೋಡಿಕೊಳ್ಳಬೇಕು. 1977ರಲ್ಲಿ ನಿಕಾನ್, ಲೆನ್ಸಿನ ಅಪರ್ಚರನ್ನು ಕ್ಯಾಮೆರಾಕ್ಕೆ ತಾನಾಗಿ ತಿಳಿಸುವ ಎಐ ಅನ್ನುವ ಬದಲಾವಣೆ ತಂದಿತು. ಅದಕ್ಕಿಂತ ಹಿಂದಿನ, ತಿದ್ದದೆ ಉಳಿದ ಲೆನ್ಸನ್ನು ಡಿ7000, ಡಿ300, ಡಿ750 ಇಂಥವುಗಳಿಗೆ ಒತ್ತಿ ಹಾಕಿದರೆ ಮೌಂಟಿನ ಅಂಚಿನಲ್ಲಿರುವ ಸಣ್ಣ ಕಡ್ಡಿ ಮುರಿಯಬಹುದು. ಎಐ ಲೆನ್ಸಿನಲ್ಲಿ ಅಪರ್ಚರ್ ಅಂಕಿಗಳು ಎರಡು ಸಾಲಿನಲ್ಲಿರುತ್ತವೆ, ಒಂದು ದೊಡ್ಡದು, ಮೌಂಟಿನ ಹತ್ತಿರ ಇನ್ನೊಂದು ಪುಟಾಣಿ ಸಾಲು. ಒಂದೇ ಸಾಲು ಕಂಡರೆ ಗೊತ್ತಿರುವವರಿಗೆ ತೋರಿಸದೆ ಹಾಕಬೇಡಿ. ಡಿ3000, ಡಿ5000 ಸಾಲಿನ ಸಣ್ಣ ಕ್ಯಾಮೆರಾಗಳಲ್ಲಿ ಆ ಕಡ್ಡಿಯೇ ಇಲ್ಲ. ಹಾಗಾಗಿ ಮುರಿಯುವ ಭಯವೂ ಇಲ್ಲ. ಆದರೆ ಅವು ಹಳೆ ಲೆನ್ಸಿನಲ್ಲಿ ಬೆಳಕು ಅಳೆಯುವುದಿಲ್ಲ. ಅದಕ್ಕೆ ಉಪಾಯ ಮುಂದೆ ಹೇಳುತ್ತೇನೆ.

ಅಡಾಪ್ಟರ್ ಹಾಕೋದು

ಗಾಜಿಲ್ಲದ, ಬರೀ ಲೋಹದ ಅಡಾಪ್ಟರ್ ತೆಗೆದುಕೊಳ್ಳಿ. ಕೆ ಅಂಡ್ ಎಫ್, ಫೋಟೋಡಿಯೋಕ್ಸ್ ಇಂಥವು ಸಾಕು. ಲೆನ್ಸಿಗೆ ಮೊದಲು ಅಡಾಪ್ಟರ್ ಕೂರಿಸಿ, ಆಮೇಲೆ ಎರಡನ್ನೂ ಸೇರಿಸಿ ಕ್ಯಾಮೆರಾಕ್ಕೆ ಹಾಕಿ. ಹೀಗೆ ಮಾಡಿದರೆ ಸೆನ್ಸರ್ ಬಾಯಿ ತೆರೆದುಕೊಂಡಿರುವ ಹೊತ್ತು ಕಡಿಮೆ. ಕೂತ ಮೇಲೆ ಲೆನ್ಸ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಡಗಡ ಅಂದರೆ ಅಡಾಪ್ಟರ್ ವಾಪಸ್ ಮಾಡಿ.

ಎಂ42 ಲೆನ್ಸಿನ ಹಿಂದೆ ಒಂದು ಸಣ್ಣ ಪಿನ್ ಇರಬಹುದು. ಅದು ಒತ್ತಿದರೆ ಮಾತ್ರ ರೆಕ್ಕೆ ಮುಚ್ಚುತ್ತದೆ. ಲೆನ್ಸಿನ ಮೇಲೆ 'ಎ' ಮತ್ತು 'ಎಂ' ಸ್ವಿಚ್ ಇದ್ದರೆ 'ಎಂ'ಗೆ ಇಡಿ, ತೊಂದರೆ ಮುಗಿಯಿತು. ಸ್ವಿಚ್ ಇಲ್ಲದಿದ್ದರೆ ಪಿನ್ ಒತ್ತುವ ಅಂಚಿರುವ ಅಡಾಪ್ಟರೇ ಬೇಕು. ಕೇಳಿ ತೆಗೆದುಕೊಳ್ಳಿ.

ಆಮೇಲೆ ದೂರದ ಪರೀಕ್ಷೆ. ಕಾರವಾರದ ಕಡಲತೀರದಲ್ಲಿ ನಿಂತರೆ ದೇವಗಡ ದ್ವೀಪದ ದೀಪಸ್ತಂಭ ಕಾಣುತ್ತದಲ್ಲ, ನಾನು ಅದಕ್ಕೆ ಫೋಕಸ್ ಮಾಡಿ ನೋಡುತ್ತೇನೆ. ಘಟ್ಟದ ಮೇಲಿನವರಿಗೆ ಚಂದ್ರ ಸಾಕು. ದೂರದ ವಸ್ತು ಚೂಪಾಗಿ ಬಂದರೆ ಅಡಾಪ್ಟರ್ ಸರಿ ಇದೆ. ರಿಂಗ್ ಕೊನೆ ಮುಟ್ಟುವ ಮೊದಲೇ ಚೂಪಾಗಿ, ಆಮೇಲೆ ಮತ್ತೆ ಮಸುಕಾದರೆ ಗಾಬರಿ ಬೇಡ. ಅಗ್ಗದ ಅಡಾಪ್ಟರುಗಳನ್ನು ಬೇಕೆಂದೇ ಕೂದಲೆಳೆಯಷ್ಟು ತೆಳು ಮಾಡಿರುತ್ತಾರೆ. ದೂರದ್ದಕ್ಕೆ ಅಂತ ಕಣ್ಣು ಮುಚ್ಚಿ ರಿಂಗನ್ನು ಕೊನೆವರೆಗೆ ತಿರುಗಿಸಬೇಡಿ, ಅಷ್ಟೇ.

ಮೆನುವಿನಲ್ಲಿ ಎರಡೇ ಕೆಲಸ

ಲೆನ್ಸ್ ಹಾಕಿದಿರಿ, ಬಟನ್ ಒತ್ತಿದರೆ ಕ್ಯಾಮೆರಾ ಸತ್ತ ಹಾಗೆ ಸುಮ್ಮನಿದೆ. ಬಹಳ ಜನ ಇಲ್ಲೇ ಹೆದರುತ್ತಾರೆ. ಹಳೆ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕ ಇಲ್ಲ, ಹಾಗಾಗಿ ಕ್ಯಾಮೆರಾ ಲೆನ್ಸೇ ಇಲ್ಲ ಅಂದುಕೊಂಡಿದೆ. ಸೋನಿ, ಫ್ಯೂಜಿ, ಕ್ಯಾನನ್ ಮಿರರ್‌ಲೆಸ್‌ಗಳ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ.

ಎರಡನೆಯದು, ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸ್ ಎಷ್ಟು ಎಂಎಂ ಅಂತ ಕೈಯಿಂದ ತುಂಬಬೇಕು. ಲೆನ್ಸ್ ಬದಲಿಸಿದಾಗ ಇದನ್ನೂ ಬದಲಿಸಿ. ನಾನು ಒಂದು ಸಲ, ಆಮೇಲೆ ಕೊಂಡ ಬೇರೆ 135 ಹಾಕಿಕೊಂಡು ಮೆನುವಿನಲ್ಲಿ 28 ಬಿಟ್ಟಿದ್ದೆ. ಇಡೀ ಸಂಜೆಯ ಫೋಟೋಗಳು ನಡುಗಿದ್ದವು.

ಯಾವ ಲೆನ್ಸಿನಲ್ಲಿ, ಯಾವ ಅಪರ್ಚರಿನಲ್ಲಿ ತೆಗೆದಿದ್ದು ಅಂತ ಫೋಟೋದ ಮಾಹಿತಿಯಲ್ಲಿ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಕಲಿಯುವ ದಿನಗಳಲ್ಲಿ ಒಂದು ಸಣ್ಣ ಪಟ್ಟಿ ಬರೆದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಆರು ತಿಂಗಳ ಮೇಲೆ ಒಂದೂ ನೆನಪಿರುವುದಿಲ್ಲ.

ಬೆಳಕು

ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ ಇಡಿ. ಲೆನ್ಸಿನ ರಿಂಗ್ ತಿರುಗಿಸಿ ಅಪರ್ಚರ್ ನೀವು ಕೊಡಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಮಿರರ್‌ಲೆಸ್‌ನಲ್ಲಿ ಇಷ್ಟೇ. ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಎಫ್ 8ಕ್ಕೆ ತಿರುಗಿಸಿದ ಕೂಡಲೇ ಒಳಗೆ ಕತ್ತಲಾಗುತ್ತದೆ. ಆದ್ದರಿಂದ ರಿಂಗ್ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಬೇಕಾದ ಅಂಕಿಗೆ ಮುಚ್ಚಿ, ಕ್ಲಿಕ್ ಮಾಡಿ. ಹೆಲಿಯೋಸ್ 44-2ರಲ್ಲಿ ಇದಕ್ಕೇ ಎರಡು ರಿಂಗ್ ಇರೋದು. ಒಂದರಲ್ಲಿ ಅಂಕಿ ಗೊತ್ತು ಮಾಡಿಡಬೇಕು. ಇನ್ನೊಂದನ್ನು ಕಣ್ಣು ತೆಗೆಯದೆ ತಿರುಗಿಸಿದರೆ ಆ ಅಂಕಿಗೆ ಬಂದು ನಿಲ್ಲುತ್ತದೆ.

ಬೆಳಕು ಅಳೆಯದ ನಿಕಾನ್ ಸಣ್ಣ ಕ್ಯಾಮೆರಾದವರಿಗೆ ಉಪಾಯ ಹೇಳುತ್ತೇನೆ ಅಂದಿದ್ದೆ. ಅದು ಮಾವನ ಕಾಲದ್ದು. ಎಲ್ಲವನ್ನೂ ಕೈಯಿಂದ ಇಡುವ ಎಂ ಮೋಡ್‌ಗೆ ಇಡಿ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್ 16, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕಿ) ಎಷ್ಟೋ ಶಟರ್ ಅಷ್ಟನೇ ಒಂದು. ಅಂದರೆ ಐಎಸ್‌ಒ 200 ಇದ್ದರೆ ಸೆಕೆಂಡಿನ 1/200. ತೆಳು ಮೋಡ ಬಂದರೆ ಎಫ್ 11, ಇನ್ನೂ ಮುಸುಕಿದರೆ 8, ದಟ್ಟ ಮೋಡಕ್ಕೆ 5.6. ಅಡಿಕೆ ತೋಟದೊಳಗೆ ಹೋದರೆ ಈ ಲೆಕ್ಕ ಪೂರ್ತಿ ಕೆಡುತ್ತದೆ. ಅಲ್ಲಿ ಒಂದು ಫೋಟೋ ತೆಗೆದು, ಪರದೆ ನೋಡಿ ತಿದ್ದಿಕೊಳ್ಳೋದೇ ದಾರಿ. ರೀಲಿಗೆ ದುಡ್ಡು ಕೊಡಬೇಕಾಗಿಲ್ಲವಲ್ಲ!

ಇನ್ನೊಂದು ಲೆಕ್ಕ. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ನೋಟ ಒಂದೂವರೆ ಪಟ್ಟು ಬಿಗಿಯಾಗುತ್ತದೆ, ಕ್ಯಾನನ್‌ನಲ್ಲಿ 1.6 ಪಟ್ಟು. 50 ಎಂಎಂ ಲೆನ್ಸ್ 75ರ ಹಾಗೆ ಕಾಣುತ್ತದೆ, 135 ಎಂಎಂ 200ರ ಹಾಗೆ. ಮುಖದ ಫೋಟೋಕ್ಕೆ ಇದು ಲಾಭ. ಆದರೆ ಹಳೆ 28 ಎಂಎಂ ಕೊಂಡು ಇಡೀ ಯಾಣದ ಬಂಡೆ ಒಂದೇ ಚೌಕಟ್ಟಿನಲ್ಲಿ ಬರುತ್ತದೆ ಅಂದುಕೊಂಡರೆ ನಿರಾಸೆ ಆಗುತ್ತದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರಕ್ಕೆ ಹತ್ತಿರ ನಿಂತಾಗ ಅದು ಸಾಲುವುದಿಲ್ಲ.

ಫೋಕಸ್: ಜಗುಲಿಯ ಮೇಲೆ ತಂಬಿಗೆ

ಊರು ಸುತ್ತುವ ಮೊದಲು ಮನೆಯಲ್ಲಿ ಕೈ ಪಳಗಿಸಿ. ಜಗುಲಿಯ ಮೇಲೆ ಒಂದು ತಂಬಿಗೆ ಇಟ್ಟು ಎರಡು ಮೀಟರ್ ದೂರ ಕೂರಿ. ಪೂರ್ತಿ ತೆರೆದ ಅಪರ್ಚರಿನಲ್ಲಿ ತಂಬಿಗೆಯ ಅಂಚಿಗೆ ಫೋಕಸ್ ಮಾಡಿ 20 ಫೋಟೋ ತೆಗೆಯಿರಿ. ಪ್ರತಿ ಸಲವೂ ರಿಂಗ್ ಕೆಡಿಸಿ ಹೊಸದಾಗಿ ಮಾಡಬೇಕು. ಆಮೇಲೆ ದೊಡ್ಡದು ಮಾಡಿ ನೋಡಿ. ನನ್ನ ಮೊದಲ ದಿನದ ಲೆಕ್ಕ 20ಕ್ಕೆ 6. ಒಂದು ವಾರದ ಮೇಲೆ 15 ಬಂತು.

ಮಿರರ್‌ಲೆಸ್‌ನಲ್ಲಿ ಫೋಕಸ್ ಆದ ಅಂಚಿಗೆ ಬಣ್ಣ ಬಳಿದು ತೋರಿಸುವ ಪೀಕಿಂಗ್ ಇರುತ್ತದೆ. ನೋಡಲು ಚೆಂದ, ಆದರೆ ಎಫ್ 2ರಲ್ಲಿ ಅದು ಸುಳ್ಳು ಹೇಳುತ್ತದೆ. ಮೂಗಿಗೂ ಕಣ್ಣಿಗೂ ಒಟ್ಟಿಗೇ ಬಣ್ಣ ಬಳಿದಿರುತ್ತದೆ. ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡುವ ಬಟನ್ ಬಳಸಿ. ನಿಕಾನ್ ಡಿಎಸ್‌ಎಲ್‌ಆರ್‌ನವರಿಗೆ ಒಳಗೆ ಹಸಿರು ಚುಕ್ಕೆ ಕಾಣುತ್ತದೆ, ಹಳೆ ಲೆನ್ಸಿಗೂ ಅದು ಕೆಲಸ ಮಾಡುತ್ತದೆ. ನಿಕಾನ್ ರಿಂಗ್ ತಿರುಗುವ ದಿಕ್ಕು ಕ್ಯಾನನ್‌ಗೆ ಉಲ್ಟಾ. ಎರಡೂ ಇಟ್ಟುಕೊಂಡರೆ ಕೈ ಗಲಿಬಿಲಿಯಾಗುತ್ತದೆ. ಮೊದಲ ವರ್ಷ ಒಂದೇ ಲೆನ್ಸ್ ಸಾಕು ಅನ್ನೋದು ಇದಕ್ಕೇ.

ತೋಟ, ರಂಪಣಿ, ರಂಗಸ್ಥಳ

ಹೆಲಿಯೋಸಿಗೆ ಹೆಸರು ತಂದಿದ್ದು ಅದರ ಸುಳಿ. ಹಿನ್ನೆಲೆಯ ಬೆಳಕಿನ ಚುಕ್ಕೆಗಳು ನಡುವಿನ ಸುತ್ತ ತಿರುಗಿದ ಹಾಗೆ ಕಾಣುತ್ತವೆ. ಇದಕ್ಕೆ ಅಡಿಕೆ ತೋಟಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ಸೋಗೆಗಳ ಕಿಂಡಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಬೇಕಾಗಿದ್ದೂ ಅದೇ. ಎಫ್ 2ಕ್ಕೆ ತೆರೆಯಿರಿ. ಕೂತವರಿಂದ ಒಂದೂವರೆ ಎರಡು ಮೀಟರ್ ದೂರ ನಿಲ್ಲಿ. ಅವರ ಹಿಂದೆ ಐದಾರು ಮೀಟರ್ ಬಿಟ್ಟು ಸೋಗೆ ಮತ್ತು ಬಿಸಿಲಿನ ಕಿಂಡಿ ಇರಲಿ. ಸುಳಿ ಹೆಚ್ಚು ಕಾಣುವುದು ಚಿತ್ರದ ಅಂಚಿನಲ್ಲಿ. ಸಣ್ಣ ಸೆನ್ಸರ್ ಆ ಅಂಚನ್ನೇ ಕತ್ತರಿಸುವುದರಿಂದ ಅಲ್ಲಿ ಪರಿಣಾಮ ಕಮ್ಮಿ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಇದ್ದವರಿಗೆ ಹಬ್ಬ.

ಹಳೆ ಲೆನ್ಸುಗಳ ಕೋಟಿಂಗ್ ಇವತ್ತಿನಷ್ಟು ಚೆನ್ನಾಗಿಲ್ಲ. ಎದುರು ಬೆಳಕು ಬಿದ್ದರೆ ಚಿತ್ರ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಮಳೆಗಾಲದ ಬಿಳಿ ಆಕಾಶವೂ ಹೀಗೇ ಮಾಡುತ್ತದೆ. ಒಂದು ರಬ್ಬರ್ ಹುಡ್ ಹಾಕಿ. ಅದಿಲ್ಲದಿದ್ದರೆ ಕೈಯಿಂದಲೇ ಮರೆ ಮಾಡಿ.

ಕರಾವಳಿಯಲ್ಲಿ ಜನ ಸಾಲಾಗಿ ನಿಂತು ರಂಪಣಿ ಮೀನುಬಲೆಯನ್ನು ದಡಕ್ಕೆ ಎಳೆಯುವಾಗ ಫೋಕಸ್ ಮಾಡುತ್ತಾ ಕೂತರೆ ಕೆಲಸ ಕೆಡುತ್ತದೆ. ಎಳೆಯುವ ಸಾಲು ಹಿಂದೆ ಹಿಂದೆ ಬರುತ್ತಿರುತ್ತದೆ, ನೀವು ಮಧ್ಯೆ ನಿಂತರೆ ಬೈಗುಳ ಗ್ಯಾರಂಟಿ. ಇಲ್ಲಿ ಹಳೆ ಲೆನ್ಸಿನ ಮೇಲೆ ಕೆತ್ತಿದ ದೂರದ ಅಳತೆ ಕೆಲಸಕ್ಕೆ ಬರುತ್ತದೆ. 28 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು, ದೂರವನ್ನು 5 ಮೀಟರಿಗೆ ಇಡಿ. ಎಪಿಎಸ್-ಸಿಯಲ್ಲೂ ಸುಮಾರು ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲ ಚೂಪಾಗಿರುತ್ತದೆ. ಮತ್ತೆ ರಿಂಗ್ ಮುಟ್ಟುವುದೇ ಬೇಡ, ಬರೀ ಕ್ಲಿಕ್. ಲೆನ್ಸಿನ ಮೇಲಿರುವ ಜೋಡಿ ಗೆರೆಗಳ ಲೆಕ್ಕ ಫಿಲ್ಮಿನದು. ಸಣ್ಣ ಸೆನ್ಸರಿಗೆ ಒಂದು ಹೆಜ್ಜೆ ಬಿಗಿ ಮಾಡಿಕೊಳ್ಳಿ. ಎಫ್ 8ರಲ್ಲಿ ತೆಗೆಯುತ್ತಿದ್ದರೆ 5.6ರ ಗೆರೆ ನೋಡಿ.

ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ. ಹೊರಡುವ ಮೊದಲೇ ಒಂದು ಹಾಕಿಕೊಂಡು ಹೋಗಿ. ಸೂರ್ಯಾಸ್ತಕ್ಕೆ 135 ಹಾಕಿದರೆ ಡಿಎಸ್‌ಎಲ್‌ಆರ್‌ನ ಕಿಂಡಿಯಿಂದ ಸೂರ್ಯನನ್ನು ನೇರ ನೋಡಬೇಡಿ, ಕಣ್ಣಿಗೆ ಅಪಾಯ. ಮಿರರ್‌ಲೆಸ್ ಆದರೆ ಫೋಟೋ ಮುಗಿದ ಕೂಡಲೇ ಮುಚ್ಚಳ ಹಾಕಿ.

ಯಕ್ಷಗಾನ ಬೇರೆಯೇ ಪರೀಕ್ಷೆ. ರಾತ್ರಿ, ಚಂಡೆಯ ಪೆಟ್ಟು ಏರುತ್ತಿದ್ದ ಹಾಗೆ ವೇಷದ ಕಾಲೂ ಏರುತ್ತದೆ. ದಿಗಿಣ ಹೊಡೆಯುವವನನ್ನು, ಅಂದರೆ ಹಾರಿ ಸುತ್ತುವವನನ್ನು, ಕೈ ಫೋಕಸಿನಲ್ಲಿ ಹಿಂಬಾಲಿಸಲು ನನ್ನಿಂದ ಇವತ್ತಿಗೂ ಆಗಿಲ್ಲ. ಹಾಗಾಗಿ ಹಿಂಬಾಲಿಸುವುದಿಲ್ಲ, ಕಾಯುತ್ತೇನೆ. ರಂಗಸ್ಥಳದಲ್ಲಿ ಕೂರಲು ಇಟ್ಟಿರುವ ರಥಕ್ಕೆ ಮೊದಲೇ ಫೋಕಸ್ ಮಾಡಿಡಿ. ವೇಷಧಾರಿ ಅಲ್ಲಿಗೆ ಬಂದೇ ಬರುತ್ತಾನೆ, ಕೂರುವಾಗ ಒಂದು ಕ್ಷಣ ನಿಲ್ಲುತ್ತಾನೆ. ಎಫ್ 2.8, ಐಎಸ್‌ಒ 3200, ಶಟರ್ 1/250ಕ್ಕಿಂತ ಕೆಳಗೆ ಇಳಿಸಬೇಡಿ. ಭಾಗವತರ ಮುಖ ಇನ್ನೂ ಸುಲಭ, ಅವರು ಕೂತಲ್ಲೇ ಇರುತ್ತಾರೆ.

ಈ 135 ಕೊಂಡ ಕಥೆಯನ್ನೂ ಹೇಳಿಬಿಡುತ್ತೇನೆ. ಮಾವನದ್ದು ಬೂಷ್ಟು ಹಿಡಿದಿತ್ತಲ್ಲ, ಬೇರೆ ಊರಿನ ಒಂದು ಅಂಗಡಿಯಿಂದ ಇನ್ನೊಂದು ತರಿಸಿದೆ. ಒಳಗೆಲ್ಲ ಕ್ಲೀನ್ ಅಂತ ಫೋನಿನಲ್ಲಿ ಹೇಳಿದ್ದರು. ಪೆಟ್ಟಿಗೆ ಬಿಚ್ಚಿ ಟಾರ್ಚ್ ಬಿಟ್ಟರೆ ಅದೇ ಜೇಡನ ಬಲೆ. ವಾಪಸ್ ತೆಗೆದುಕೊಳ್ಳಲಿಲ್ಲ. ಮೂರನೆಯದನ್ನು ಕೊಳ್ಳುವಾಗ ಟಾರ್ಚ್ ಬಿಟ್ಟು ತೆಗೆದ ವಿಡಿಯೋ ಕಳಿಸಿ ಅಂದೆ. ಕಳಿಸಿದರು. ಅದೇ ಈಗ ನನ್ನ ಹತ್ತಿರ ಇರೋದು.

ಮಳೆಗಾಲ

ಫಂಗಸ್ ಬೀಜ ಗಾಳಿಯಲ್ಲೇ ಇದೆ, ಅದನ್ನು ತಡೆಯಲು ಆಗುವುದಿಲ್ಲ. ಅದು ಮೊಳೆಯಲು ಬೇಕಾದ ತೇವವನ್ನು ತಡೆಯಬಹುದು. ಗಾಳಿಯ ತೇವ 60 ಪರ್ಸೆಂಟ್ ದಾಟಿದರೆ ಚಿಂತೆ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಕೆಳಗೆ ಬರುವ ದಿನವೇ ಅಪರೂಪ.

ಚರ್ಮದ ಚೀಲ ಮೊದಲು ಎಸೆಯಿರಿ. ಮಾವನ ಲೆನ್ಸುಗಳ ಜೊತೆ ಬಂದ ಕಪ್ಪು ಚೀಲಗಳು ನೋಡಲು ಚೆಂದ, ಆದರೆ ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟಿಗೆ ಮನೆ ಮಾಡಿಕೊಡುತ್ತದೆ. ರಬ್ಬರ್ ಅಂಚಿನ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್, ಮತ್ತೆ ತೇವ ತೋರಿಸುವ ಒಂದು ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ತೀರಾ ಒಣಗಿಸೋದೂ ಬೇಡ, ಲೆನ್ಸಿನ ಗ್ರೀಸಿಗೆ ಅದು ಒಳ್ಳೆಯದಲ್ಲ. ಸಿಲಿಕಾ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯಿಂದ ಬರುವುದು ಹಿಟ್ಟಿನ ಧೂಳು ಮಾತ್ರ, ಅನ್ನ ಮಾಡಿ ಉಣ್ಣಿ.

ಬಣ್ಣದ ಸಿಲಿಕಾ ಆದರೆ ನೀಲಿ ಇದ್ದದ್ದು ಗುಲಾಬಿಯಾದಾಗ ಅದರ ಹೊಟ್ಟೆ ತುಂಬಿದೆ ಅಂತ ಲೆಕ್ಕ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿಸಿ, ವಾಪಸ್ ಹಾಕಬಹುದು. ಅಡುಗೆಯ ಬಾಣಲೆ ಮಾತ್ರ ಬೇಡ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ನಾನು ಬಚ್ಚಲ ಒಲೆಯ ಮೇಲೆ ಹಳೆ ಕಬ್ಬಿಣದ ತವಾ ಇಟ್ಟು ಮಾಡುತ್ತೇನೆ. ಜುಲೈನಲ್ಲಿ ವಾರಕ್ಕೊಮ್ಮೆ ಈ ಕೆಲಸ ಇದ್ದದ್ದೇ. ಐದಾರು ಲೆನ್ಸ್ ಆದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಬಹುದು. ನಮ್ಮ ಕಡೆ ಮರ ಬಿದ್ದು ಮೂರು ದಿನ ಕರೆಂಟ್ ಹೋಗುವ ಊರುಗಳಲ್ಲಿ ಅದರೊಳಗೂ ಒಂದು ಸಿಲಿಕಾ ಚೀಲ ಇಡಿ.

ಎಸಿ ಕೋಣೆಯಿಂದ ಕ್ಯಾಮೆರಾ ಎತ್ತಿಕೊಂಡು ನೇರ ಕಡಲತೀರಕ್ಕೆ ಹೋದರೆ ಗಾಜಿನ ಮೇಲೆ, ಕೆಲವು ಸಲ ಒಳಗೂ, ನೀರಿನ ಮಂಜು ಕೂರುತ್ತದೆ. ಬಿಗಿಯಾಗಿ ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಕಡಲಿನಿಂದ ಬಂದ ರಾತ್ರಿ ಲೆನ್ಸಿನ ಮೈಯನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಉಪ್ಪು ಕಾಣುವುದಿಲ್ಲ, ಆದರೆ ಇರುತ್ತದೆ. ಗಾಜನ್ನು ಮಾತ್ರ ಮೊದಲು ಊದುವ ರಬ್ಬರ್ ಬಲ್ಬಿನಿಂದ ಊದಿ, ಮರಳಿನ ಕಣ ಹೋದ ಮೇಲೆ ಒರೆಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಮಳೆಗಾಲವಿಡೀ ಡಬ್ಬಿ ಮುಚ್ಚಿ ಮರೆತುಬಿಡೋದೂ ಒಳ್ಳೆಯದಲ್ಲ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟು ಹೊಳವಾದ ಹೊತ್ತಿನಲ್ಲಿ ತೆಗೆಯಿರಿ, ರಿಂಗುಗಳನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ನಾಲ್ಕು ಫೋಟೋ ತೆಗೆಯಿರಿ. ಬಿಸಿಲಿಗೆ ಇಡುವುದಾದರೆ ಪಕ್ಕದಲ್ಲೇ ಕೂರಿ. ಲೆನ್ಸ್ ಅಂದರೆ ಭೂತಗಾಜು, ಚಾಪೆ ಸುಟ್ಟೀತು. ಚೌತಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಮತ್ತೆ ಕತ್ತಲ ಕೋಣೆ, ಮತ್ತೆ ಟಾರ್ಚ್. ಹೋದ ವರ್ಷ ಹೆಲಿಯೋಸಿನ ಅಂಚಿನಲ್ಲಿ ಒಂದು ಎಳೆ ಕಂಡ ಹಾಗಾಗಿ ಎದೆ ಧಸಕ್ ಅಂದಿತ್ತು. ತಿರುಗಿಸಿ ನೋಡಿದರೆ ಬಟ್ಟೆಯ ನೂಲು.